ಕತ್ತು ವಾಲಿಸಿದರೆ ಬದಲಾಗುವ ಬಣ್ಣ

ಬಿ.ಎ.ಯಲ್ಲಿ ಇತಿಹಾಸ ಓದಿ, ಬಿ.ಎಡ್. ಮುಗಿಸಿ, ಮೂವತ್ತು ವರ್ಷ ಮಕ್ಕಳಿಗೆ ತಾಳೀಕೋಟೆ ಯುದ್ಧವನ್ನೂ ಪ್ಲಾಸಿ ಕದನವನ್ನೂ ಹೇಳಿಕೊಂಡು ಬಂದವಳು ನಾನು. ಅಂಥವಳು ಬೆಳಕಿನ ವಿಷಯಕ್ಕೆ ಕೈಹಾಕಿದರೆ, ‘ಈ ಮೇಡಂಗೆ ಯಾಕೆ ಬೇಕಿತ್ತು ಇಲ್ಲದ ಉಸಾಬರಿ’ ಎಂದು ಯಾರಾದರೂ ಅಂದಾರು. ಅನ್ನಲಿ. ಬೆಳಕಿಗೂ ಒಂದು ಇತಿಹಾಸವಿದೆ. ಅದರ ಒಂದು ಒಳ್ಳೆಯ ಅಧ್ಯಾಯ ನಮ್ಮ ಬೆಂಗಳೂರಿನಲ್ಲೇ ನಡೆದಿದೆ. ಅದಕ್ಕಿಂತ ಹೆಚ್ಚಾಗಿ, ಈ ವಿಷಯದಲ್ಲಿ ನನ್ನದೊಂದು ಹಳೆಯ ಸಾಲ ಬಾಕಿ ಇದೆ. ಆ ಸಾಲದಿಂದಲೇ ಮೊದಲು ಮಾಡುತ್ತೇನೆ.

ನಮ್ಮೂರು ಸಾಸ್ವೆಹಳ್ಳಿ, ಹೊನ್ನಾಳಿ ತಾಲ್ಲೂಕಿನ ಹೋಬಳಿ ಕೇಂದ್ರ. ನಾನು ಚಿಕ್ಕವಳಿದ್ದಾಗ ಕಾಗದದ ಮೇಲೆ ಶಿವಮೊಗ್ಗ ಜಿಲ್ಲೆ ಎಂದು ವಿಳಾಸ ಬರೆಯುತ್ತಿದ್ದೆವು. 1997ರಲ್ಲಿ ಹೊಸ ಜಿಲ್ಲೆಯಾದ ಮೇಲೆ ದಾವಣಗೆರೆ ಎಂದು ಬರೆಯುವುದನ್ನು ರೂಢಿ ಮಾಡಿಕೊಂಡೆವು. ಅದರ ಮರುವರ್ಷದ ಮಾತು. ಸುತ್ತಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನಿದ್ದೆ. ವಿಜ್ಞಾನದ ಮೇಷ್ಟ್ರಿಗೆ ವರ್ಗವಾಗಿ ಹೋದವರು ಹೋದರು, ಆ ಜಾಗಕ್ಕೆ ಮತ್ತೊಬ್ಬರು ಬರಲಿಲ್ಲ. ‘ಸ್ವಲ್ಪ ದಿವಸ ನೀವೇ ನೋಡ್ಕೊಳ್ಳಿ ಮೇಡಂ’ ಎಂದರು ಮುಖ್ಯೋಪಾಧ್ಯಾಯರು. ಆ ಸ್ವಲ್ಪ ದಿವಸ ಎರಡು ವರ್ಷವಾಯಿತು. ಹಿಂದಿನ ರಾತ್ರಿ ಪಾಠ ಓದಿಕೊಳ್ಳುವುದು, ಮಾರನೆಯ ದಿನ ಅದನ್ನೇ ಒಪ್ಪಿಸುವುದು. ಮಕ್ಕಳಿಗಿಂತ ನಾನು ಒಂದು ರಾತ್ರಿ ಮುಂದಿದ್ದೆ, ಅಷ್ಟೇ.

ಮಳೆಗಾಲ. ಗದ್ದೆ ಕೆಸರು ಮಾಡಲು ಬಂದ ಟ್ರ್ಯಾಕ್ಟರೊಂದು ಶಾಲೆಯ ಮುಂದೆ ಕೆಟ್ಟು ನಿಂತಿತ್ತು. ಅದರಿಂದ ಸೋರಿದ ಡೀಸೆಲ್ ಗುಂಡಿಯ ಮಳೆನೀರಿನ ಮೇಲೆ ಹರಡಿ, ನವಿಲಿನ ಕತ್ತಿನ ಹಾಗೆ ಬಣ್ಣ ಬಣ್ಣವಾಗಿ ಹೊಳೆಯುತ್ತಿತ್ತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅದರ ಮುಂದೆ ಕೂತವಳು ಗಂಟೆ ಹೊಡೆದರೂ ಏಳಲಿಲ್ಲ. ಒಳಗೆ ಕರೆದಾಗ ಕೈಯೆತ್ತಿ ಕೇಳಿದಳು:

‘ಮೇಡಂ, ನೀರಿಗೂ ಬಣ್ಣ ಇಲ್ಲ, ಡೀಸೆಲ್ಗೂ ಅಂಥ ಬಣ್ಣ ಇಲ್ಲ. ಎರಡೂ ಸೇರಿದ್ರೆ ಇಷ್ಟೊಂದು ಬಣ್ಣ ಎಲ್ಲಿಂದ ಬಂತು?’

ಕಾಮನಬಿಲ್ಲಿನ ಪಾಠವನ್ನು ನಾನು ಆಗತಾನೇ ಮುಗಿಸಿದ್ದೆ. ಧೈರ್ಯವಾಗಿಯೇ ಹೇಳಿದೆ: ‘ಕಾಮನಬಿಲ್ಲು ಇದ್ದ ಹಾಗೇ ಕಣೆ. ಬೆಳಕು ಒಡೆದು ಏಳು ಬಣ್ಣ ಆಗುತ್ತೆ.’

ಅವಳು ಕೂರಲಿಲ್ಲ. ‘ಆದ್ರೆ ಮೇಡಂ, ಕತ್ತು ವಾಲಿಸಿದ್ರೆ ಬಣ್ಣ ಬದಲಾಗುತ್ತೆ. ಈ ಕಡೆಯಿಂದ ಹಸಿರಾಗಿ ಕಂಡಿದ್ದು ಆ ಕಡೆಯಿಂದ ಕೆಂಪಾಗಿ ಕಾಣುತ್ತೆ. ಕಾಮನಬಿಲ್ಲು ಹಂಗೆ ಆಗಲ್ವಲ್ಲ?’

‘ಅದೆಲ್ಲ ಕಣ್ಣಿನ ಭ್ರಮೆ. ಪರೀಕ್ಷೆಗೆ ಬರೋದಲ್ಲ, ಬಿಡೋದಲ್ಲ. ಕೂತ್ಕೋ ಸುಮ್ನೆ’ ಎಂದೆ.

ಕೂತಳು. ಆಮೇಲೆ ಆ ಹುಡುಗಿ ವಿಜ್ಞಾನದ ಪೀರಿಯಡ್ಡಿನಲ್ಲಿ ಕೈಯೆತ್ತಿದ್ದು ನನಗೆ ನೆನಪಿಲ್ಲ. ಎಸ್.ಎಸ್.ಎಲ್.ಸಿ. ಪಾಸು ಮಾಡಿದಳು. ಕಾಲೇಜಿಗೆ ಹೊನ್ನಾಳಿಯವರೆಗೆ ಬಸ್ಸಿನಲ್ಲಿ ಹೋಗಬೇಕಿತ್ತು, ಮನೆಯವರು ಕಳಿಸಲಿಲ್ಲ. ಎರಡು ವರ್ಷಕ್ಕೆ ಮದುವೆಯಾಯಿತು. ನಾನೂ ಅಕ್ಕಿಕಾಳು ಹಾಕಿ ಬಂದೆ. ಅಲ್ಲಿಗೆ ಆ ಮಾತನ್ನು ಮರೆತೆ.

ಮರೆತದ್ದನ್ನು ನೆನಪಿಗೆ ತಂದವನು ನನ್ನ ಅಕ್ಕನ ಮಗ. ಅವನು ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದ. ಏನು ಓದುತ್ತೀಯಪ್ಪಾ ಎಂದು ಕೇಳಿದರೆ ‘ಫೈಬರ್ ಸೆನ್ಸರ್ ಚಿಕ್ಕಮ್ಮ’ ಎನ್ನುತ್ತಿದ್ದ. ನಾನು ‘ಒಳ್ಳೇದಾಗ್ಲಿ’ ಎಂದು ಸುಮ್ಮನಾಗುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಅವನು ಊರಿಗೆ ಬಂದಿದ್ದಾಗ ರಸ್ತೆಬದಿಯಲ್ಲಿ ಉದ್ದಕ್ಕೂ ಅಗೆದು ಇಂಟರ್‌ನೆಟ್ಟಿನ ಕೇಬಲ್ಲು ಹೂಳುತ್ತಿದ್ದರು. ಕತ್ತರಿಸಿ ಬಿಸಾಡಿದ್ದ ಒಂದು ಗೇಣು ತುಂಡನ್ನು ಅವನು ಎತ್ತಿಕೊಂಡು ಬಂದ. ಜಗಲಿಯ ಮೇಲೆ ಕೂತು ಕಬ್ಬಿನ ಸಿಪ್ಪೆ ಸುಲಿದಂತೆ ಒಂದೊಂದೇ ಹೊದಿಕೆ ಸುಲಿದ. ಕೊನೆಗೆ ಉಳಿದದ್ದು ಕೂದಲಿನಂಥ ಒಂದು ಗಾಜಿನ ಎಳೆ. ಒಂದು ತುದಿಗೆ ಮೊಬೈಲಿನ ದೀಪ ಹಿಡಿದ. ಇನ್ನೊಂದು ತುದಿಯಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡಿತು. ಎಳೆಯನ್ನು ಬಾಗಿಸಿದರೂ ಬೆಳಕು ಅದರೊಳಗೇ ಬಾಗಿಕೊಂಡು ಬಂತು.

ಇದಕ್ಕೆ ಪುಸ್ತಕದಲ್ಲಿ ದ್ಯುತಿತಂತು ಎನ್ನುತ್ತಾರೆ. ಹೊರಗಿನ ಗಾಜಿನ ಅಳತೆ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗ. ಅದರ ನಟ್ಟನಡುವೆ ಇನ್ನೊಂದು ಬಗೆಯ ಗಾಜಿನ ತಿರುಳು. ಬೆಳಕು ತಿರುಳಿನಲ್ಲೇ ಸಾಗುತ್ತದೆ. ಅಂಚಿಗೆ ಬಂದಾಗ ಹೊರಗಿನ ಗಾಜು ಅದನ್ನು ಒಳಕ್ಕೇ ಮರಳಿಸುತ್ತದೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಲಂಡನ್ನಿನಲ್ಲಿ ಹಾಪ್‌ಕಿನ್ಸ್ ಅವರ ಜೊತೆ ಇಂಥ ಎಳೆಗಳ ಕಟ್ಟಿನಲ್ಲಿ ಚಿತ್ರವನ್ನು ಸಾಗಿಸಿ 1954ರಲ್ಲಿ ಪ್ರಕಟಿಸಿದರು. ಆದರೆ ಆಗಿನ ಗಾಜಿನಲ್ಲಿ ಬೆಳಕು ಬಹಳ ದೂರ ಹೋಗುತ್ತಿರಲಿಲ್ಲ. ಗಾಜಿನೊಳಗಿನ ಕಲ್ಮಶ ತೆಗೆದರೆ ದೂರದೂರಿಗೂ ಹೋದೀತೆಂದು 1966ರಲ್ಲಿ ಹೇಳಿದವರು ಚಾರ್ಲ್ಸ್ ಕಾವೋ. ಅವರಿಗೆ 2009ರಲ್ಲಿ ನೊಬೆಲ್ ಬಂತು. ಕಪಾನಿಯವರಿಗೆ ಬರಲಿಲ್ಲ.

‘ಇದು ಬರೀ ಮಾತು ಸಾಗಿಸೋ ತಂತಿ ಅಲ್ಲ ಚಿಕ್ಕಮ್ಮ. ಮುಟ್ಟಿದ್ರೆ ಇದಕ್ಕೆ ಗೊತ್ತಾಗುತ್ತೆ’ ಎಂದ ಹುಡುಗ. ಹೇಗೆ ಎಂದೆ. ಆ ತಿರುಳಿನ ಉದ್ದಕ್ಕೆ ಬೆಳಕಿನಿಂದಲೇ ಒಂದರ ಪಕ್ಕ ಒಂದು ಬರೆ ಎಳೆಯುತ್ತಾರಂತೆ. ಗಾಜು ಒಡೆಯುವುದಿಲ್ಲ, ಬರೆ ಬಿದ್ದ ಕಡೆ ಅದರ ಗುಣ ಒಂದಿಷ್ಟು ಬದಲಾಗುತ್ತದೆ, ಅಷ್ಟೇ. ಗಾಜಿನ ಎಳೆಯಲ್ಲಿ ಹೀಗೆ ಬರೆ ಮೂಡಿಸಬಹುದೆಂದು ಕೆನಡಾದ ಕೆನೆತ್ ಹಿಲ್ ಮತ್ತು ಅವರ ಜೊತೆಯವರು 1978ರಲ್ಲಿ ಕಂಡುಕೊಂಡರು. ಒಂದು ಸೆಂಟಿಮೀಟರಿನಲ್ಲಿ ಹದಿನೆಂಟು ಸಾವಿರಕ್ಕೂ ಮೇಲೆ ಬರೆಗಳು! ಒಂದೊಂದು ಬರೆಯಿಂದಲೂ ಬೆಳಕು ಒಂದು ಚೂರು ಹಿಂದಕ್ಕೆ ಬರುತ್ತದೆ. ಆ ಚೂರುಗಳೆಲ್ಲ ಹೆಜ್ಜೆಗೆ ಹೆಜ್ಜೆ ಕೂಡಿ ಬರುವುದು ಯಾವುದೋ ಒಂದು ಬಣ್ಣದ ಬೆಳಕಿಗೆ ಮಾತ್ರ. ಆ ಬಣ್ಣ ಹಿಂದಕ್ಕೆ ಬರುತ್ತದೆ, ಮಿಕ್ಕದ್ದು ಮುಂದಕ್ಕೆ ಹೋಗುತ್ತದೆ. ಎಳೆಯನ್ನು ಒಂದು ಕೂದಲಷ್ಟು ಎಳೆದರೂ, ಸ್ವಲ್ಪ ಬಿಸಿ ಮಾಡಿದರೂ ಬರೆಗಳ ನಡುವಿನ ಅಂತರ ಬದಲಾಗಿ, ಹಿಂದಕ್ಕೆ ಬರುವ ಬಣ್ಣವೇ ಬೇರೆಯಾಗುತ್ತದೆ. ಆ ಬದಲಾವಣೆಯನ್ನು ಅಳೆದರೆ ಎಳೆ ಎಷ್ಟು ಹಿಗ್ಗಿತೆಂದು ತಿಳಿಯುತ್ತದೆ. ಒಂದು ಕಿಲೋಮೀಟರು ಉದ್ದದಲ್ಲಿ ಒಂದು ಮಿಲಿಮೀಟರು ಹಿಗ್ಗಿದರೆ ಎಷ್ಟೋ, ಅಷ್ಟು ಸಣ್ಣ ಹಿಗ್ಗನ್ನು ಕೂಡ ಅದು ಹೇಳಬಲ್ಲದು.

ಸೇತುವೆಯ ಕಾಂಕ್ರೀಟಿನೊಳಗೆ, ವಿಮಾನದ ರೆಕ್ಕೆಯ ಮೇಲೆ ಇಂಥ ಎಳೆಗಳನ್ನು ಕೂರಿಸುತ್ತಾರೆ. ಬಿರುಕು ಕಣ್ಣಿಗೆ ಕಾಣುವ ಮೊದಲೇ ಗೊತ್ತಾಗಲಿ ಎಂದು. ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಸ್. ಅಶೋಕನ್ ಅವರ ತಂಡ ಇದೇ ಎಳೆಯಿಂದ ಮಣಿಕಟ್ಟಿನ ನಾಡಿಮಿಡಿತವನ್ನು ದಾಖಲಿಸುವ ಉಪಕರಣ ಮಾಡಿದೆ. ನಮ್ಮ ಕಡೆ ನಾಡಿ ಹಿಡಿಯುವ ಪಂಡಿತರು ಮೂರು ಬೆರಳಿಟ್ಟು ಕಣ್ಣು ಮುಚ್ಚಿ ಕೂರುತ್ತಿದ್ದದ್ದು ನೆನಪಾಯಿತು. ಇಲ್ಲಿ ಬೆರಳಿನ ಜಾಗದಲ್ಲಿ ಗಾಜಿನ ಎಳೆ. ಕಣ್ಣು ಮುಚ್ಚುವ ಬದಲು ಬಣ್ಣ ನೋಡುವುದು.

‘ಇಷ್ಟೆಲ್ಲ ನಿನಗೆ ಅರ್ಥವಾಗುತ್ತೇನೋ?’ ಎಂದೆ. ಅವನು ನಕ್ಕು, ‘ಕಷ್ಟ ಏನಿಲ್ಲ ಚಿಕ್ಕಮ್ಮ. ಮಳೆನೀರಿನ ಮೇಲೆ ಡೀಸೆಲ್ ಬಿದ್ರೆ ಬಣ್ಣ ಕಾಣಲ್ವಾ, ಅದೇ ಇದು. ಕತ್ತು ವಾಲಿಸಿದ್ರೆ ಬಣ್ಣ ಬದಲಾಗುತ್ತಲ್ಲ, ಆ ಲೆಕ್ಕಾನೇ ನಾವೂ ಮಾಡೋದು’ ಎಂದ.

ನನ್ನ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಇಪ್ಪತ್ತು ವರ್ಷಗಳ ಹಿಂದೆ ಕಣ್ಣಿನ ಭ್ರಮೆ ಎಂದು ನಾನು ಕೂರಿಸಿದ ಹುಡುಗಿ ಹೇಳಿದ್ದು ಇದೇ ಮಾತು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇತಿಹಾಸದವರಿಗೆ ಬರುವ ಚಟವೊಂದೇ: ಏನಾದರೂ ತಪ್ಪಾಯಿತೆಂದರೆ ಅದರ ಹಿಂದಿನದನ್ನೆಲ್ಲ ಹುಡುಕಿಕೊಂಡು ಹೋಗುವುದು. ನಾನೂ ಹೋದೆ. ಹುಡುಗನಿಂದ ಪುಸ್ತಕ ತರಿಸಿಕೊಂಡೆ. ಅರ್ಥವಾಗದ್ದನ್ನು ಫೋನು ಮಾಡಿ ಕೇಳಿದೆ.

ಮೊದಲು ಗೊತ್ತಾದದ್ದು, ಈ ಪ್ರಶ್ನೆ ಮೂರೂವರೆ ಶತಮಾನದಷ್ಟು ಹಳೆಯದು ಎಂಬುದು. ಇಂಗ್ಲೆಂಡಿನ ರಾಬರ್ಟ್ ಹುಕ್ 1665ರ ತನ್ನ ಪುಸ್ತಕದಲ್ಲಿ ಕಾಗೆಬಂಗಾರದ ತೆಳು ಪದರಗಳಲ್ಲಿ ಕಾಣುವ ಬಣ್ಣಗಳನ್ನು ವರ್ಣಿಸಿದ್ದಾನೆ. ನ್ಯೂಟನ್ ಎರಡು ಗಾಜುಗಳ ನಡುವಿನ ತೆಳುಗಾಳಿಯಲ್ಲಿ ಉಂಗುರದಂಥ ಬಣ್ಣದ ಪಟ್ಟೆಗಳನ್ನು ಕಂಡು ಅಳೆದ. ಓರೆಯಾಗಿ ನೋಡಿದರೆ ಆ ಉಂಗುರಗಳು ಹಿಗ್ಗುತ್ತವೆ ಎಂಬುದನ್ನೂ 1704ರ ತನ್ನ ಗ್ರಂಥದಲ್ಲಿ ಬರೆದಿಟ್ಟ. ಕತ್ತು ವಾಲಿಸಿ ನೋಡುವುದು ನ್ಯೂಟನ್ನನಿಗೂ ಬೇಕಾಗಿತ್ತು! ಆದರೆ ಕಾರಣವನ್ನು ಸರಿಯಾಗಿ ಹೇಳಿದವನು ಥಾಮಸ್ ಯಂಗ್ ಎಂಬ ವೈದ್ಯ, 1801ರಲ್ಲಿ.

ಅವನ ಮಾತು ನಮ್ಮ ಕಡೆಯವರಿಗೆ ತಿಳಿಯುವಂತೆ ಹೀಗೆ ಹೇಳಬಹುದು. ನಮ್ಮೂರಿನಿಂದ ಮೇಲಕ್ಕೆ ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಸೇರುತ್ತವೆ. ನೀರಿಗೆ ನೀರು ಸೇರಿದರೆ ಹೆಚ್ಚೇ ಆಗಬೇಕು. ಕೆಳಗೆ ಹರಿಯುವ ತುಂಗಭದ್ರೆಯನ್ನು ನೋಡಿದರೆ ಅದು ಯಾರಿಗೂ ಗೊತ್ತಾಗುತ್ತದೆ. ಆದರೆ ಅದೇ ಹೊಳೆಯ ನಿಂತ ನೀರಿನಲ್ಲಿ ಎರಡು ಕಲ್ಲು ಹಾಕಿ ಅಲೆ ಎಬ್ಬಿಸಿದರೆ ಲೆಕ್ಕ ಬೇರೆ. ಒಂದರ ಏರು ಇನ್ನೊಂದರ ಏರಿನ ಮೇಲೆ ಬಂದಲ್ಲಿ ಅಲೆ ಎರಡರಷ್ಟಾಗುತ್ತದೆ. ಒಂದರ ಏರು ಇನ್ನೊಂದರ ಇಳಿತದ ಮೇಲೆ ಬಂದಲ್ಲಿ ಎರಡೂ ಅಳಿಸಿಹೋಗಿ ನೀರು ಸಮವಾಗಿ ನಿಲ್ಲುತ್ತದೆ. ಬೆಳಕೂ ಅಲೆಯಾದ್ದರಿಂದ ಬೆಳಕಿಗೆ ಬೆಳಕು ಸೇರಿದರೆ ಕೆಲವೆಡೆ ಎರಡರಷ್ಟಕ್ಕಿಂತಲೂ ಹೆಚ್ಚು ಬೆಳಕಾಗುತ್ತದೆ, ಕೆಲವೆಡೆ ಕತ್ತಲೆಯಾಗುತ್ತದೆ. ಕತ್ತಲೆಯಾದಲ್ಲಿ ಬೆಳಕು ಕಳೆದುಹೋಯಿತೆಂದಲ್ಲ. ಅದರ ಪಾಲು ಪಕ್ಕದ ಬೆಳಕಿನ ಪಟ್ಟೆಗೆ ಸಂದಿದೆ. ಇದಕ್ಕೇ ವ್ಯತಿಕರಣ ಎನ್ನುವುದು.

ಈಗ ಡೀಸೆಲ್ ತೆಗೆದುಕೊಳ್ಳಿ. ಬೆಳಕಿನ ಒಂದು ಭಾಗ ಡೀಸೆಲ್ಲಿನ ಮೇಲಿಂದ ಮರಳುತ್ತದೆ. ಇನ್ನೊಂದು ಭಾಗ ಅದರೊಳಗೆ ಹೊಕ್ಕು, ಕೆಳಗಿನ ನೀರನ್ನು ಮುಟ್ಟಿ ಮರಳುತ್ತದೆ. ಎರಡನೆಯದು ಒಂದಿಷ್ಟು ಹೆಚ್ಚು ದಾರಿ ನಡೆದಿರುತ್ತದೆ. ಆ ಹೆಚ್ಚಿನ ದಾರಿಯಿಂದ ಒಂದು ಬಣ್ಣಕ್ಕೆ ಏರಿಗೆ ಏರು ಕೂಡುತ್ತದೆ, ಇನ್ನೊಂದಕ್ಕೆ ಏರಿಗೆ ಇಳಿತ ಕೂಡುತ್ತದೆ. ಕೂಡಿದ ಬಣ್ಣ ಕಾಣುತ್ತದೆ, ಅಳಿದ ಬಣ್ಣ ಕಾಣುವುದಿಲ್ಲ. ಓರೆಯಾಗಿ ನೋಡಿದರೆ ಆ ದಾರಿಯ ಲೆಕ್ಕವೇ ಬದಲಾಗುವುದರಿಂದ ಬಣ್ಣವೂ ಬದಲಾಗುತ್ತದೆ. ಕಾಮನಬಿಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಮಳೆಹನಿ ಬೆಳಕನ್ನು ಬಾಗಿಸಿ ಬೇರ್ಪಡಿಸುತ್ತದೆ. ಒಂಬತ್ತನೆಯ ತರಗತಿಯ ಆ ಹುಡುಗಿ, ಎರಡೂ ಬೇರೆ ಬೇರೆ ಎಂಬುದಕ್ಕೆ ಇರುವ ಒಳ್ಳೆಯ ಸಾಕ್ಷಿಯನ್ನೇ ನನ್ನ ಮುಂದೆ ಇಟ್ಟಿದ್ದಳು.

ಯಂಗನ ಮಾತನ್ನೂ ಆಗ ಜನ ಕೇಳಲಿಲ್ಲ. ಹೆನ್ರಿ ಬ್ರೌಮ್ ಎಂಬ ವಕೀಲ ಎಡಿನ್‌ಬರೋ ರಿವ್ಯೂ ಪತ್ರಿಕೆಯಲ್ಲಿ ಅದನ್ನು ಹೀನಾಯವಾಗಿ ಜರೆದ. ಯಂಗ್ ಉತ್ತರವಾಗಿ ಒಂದು ಕಿರುಹೊತ್ತಿಗೆ ಅಚ್ಚು ಹಾಕಿಸಿದರೆ ಅದರ ಒಂದೇ ಒಂದು ಪ್ರತಿ ಮಾರಾಟವಾಯಿತಂತೆ. ಹಾಗೆಂದು ಅವನೇ ಹೇಳಿಕೊಂಡಿದ್ದಾನೆ. ಗದರಿಸಿ ಕೂರಿಸುವುದು ಹಳ್ಳಿಯ ಮೇಡಂ ಒಬ್ಬಳ ಗುಣವಲ್ಲ ಎಂದು ಇದನ್ನೋದಿ ಸ್ವಲ್ಪ ಸಮಾಧಾನವಾಯಿತು. ಆದರೆ ಯಂಗ್ ಬರೆದಿಟ್ಟಿದ್ದ. ಆದ್ದರಿಂದ ಹದಿನೈದು ವರ್ಷದ ಮೇಲೆ ಫ್ರಾನ್ಸಿನ ಫ್ರೆನೆಲ್ ಅದೇ ದಾರಿಯಲ್ಲಿ ಬಂದಾಗ ಯಂಗನ ಮಾತಿಗೂ ಬೆಲೆ ಬಂತು.

ಇನ್ನು ನಮ್ಮ ನಾಡಿನ ಅಧ್ಯಾಯ. 1933ರಲ್ಲಿ ಸರ್ ಸಿ.ವಿ. ರಾಮನ್ ಕಲ್ಕತ್ತೆ ಬಿಟ್ಟು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಆ ಹುದ್ದೆಗೇರಿದ ಮೊದಲ ಭಾರತೀಯ ಅವರು. ನೊಬೆಲ್ ಬಂದು ಮೂರು ವರ್ಷವಾಗಿತ್ತು. ಅಷ್ಟು ದೊಡ್ಡವರು ಬೆಂಗಳೂರಿಗೆ ಬಂದು ಮೊದಲ ವರ್ಷಗಳಲ್ಲಿ ಏನು ಮಾಡಿದರು ಎಂದು ನೋಡಿದರೆ, ಹಕ್ಕಿಗಳ ಪುಕ್ಕದ ಬಣ್ಣ, ಚಿಪ್ಪಿನೊಳಗಿನ ಮುತ್ತಿನ ಹೊಳಪು ಇಂಥವನ್ನು ಕೈಯಲ್ಲಿ ಹಿಡಿದು ನೋಡುತ್ತಾ ಕೂತಿದ್ದಾರೆ! 1934ರಲ್ಲಿ ತಾವೇ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಇವುಗಳ ಮೇಲೆ ಲೇಖನ ಬರೆದಿದ್ದಾರೆ. ಚಿಪ್ಪಿನ ಒಳಮೈ ಒಂದರ ಮೇಲೊಂದು ಪೇರಿಸಿದ ಬಲು ತೆಳುವಾದ ಪದರಗಳು; ಪ್ರತಿ ಪದರದಿಂದ ಮರಳಿದ ಬೆಳಕು ಕೂಡಿ ಆ ಹೊಳಪು ಬರುತ್ತದೆ. ಡೀಸೆಲ್ಲಿನಲ್ಲಿ ಬೆಳಕು ಎರಡು ಕಡೆ ಮರಳುತ್ತದೆ, ಚಿಪ್ಪಿನಲ್ಲಿ ನೂರಾರು ಕಡೆ, ನನ್ನ ಅಕ್ಕನ ಮಗನ ಗಾಜಿನ ಎಳೆಯಲ್ಲಿ ಸಾವಿರಾರು ಕಡೆ. ಮೂರೂ ಒಂದೇ ಮನೆತನ.

1935-36ರಲ್ಲಿ ರಾಮನ್ ಅವರೂ ಅವರ ಶಿಷ್ಯ ಎನ್.ಎಸ್. ನಾಗೇಂದ್ರನಾಥರೂ ಇನ್ನೊಂದು ಕೆಲಸ ಮಾಡಿದರು. ಕಿವಿಗೆ ಕೇಳಿಸದಷ್ಟು ಕೀರಲಾದ ಧ್ವನಿಯನ್ನು ದ್ರವದೊಳಗೆ ಹಾಯಿಸಿದರೆ, ದ್ರವ ಒಂದೆಡೆ ಒತ್ತಾಗಿ ಒಂದೆಡೆ ತೆಳುವಾಗಿ ಅದರೊಳಗೆ ಸಾಲು ಸಾಲು ಬರೆ ಮೂಡುತ್ತದೆ. ಆ ಬರೆಗಳ ಮೂಲಕ ಹಾದ ಬೆಳಕು ಹಲವು ಕವಲಾಗುತ್ತದೆ. ಹಾಗೇಕೆ ಎಂಬುದಕ್ಕೆ ಅವರಿಬ್ಬರು ಕೊಟ್ಟ ಲೆಕ್ಕ ಇಂದಿಗೂ ರಾಮನ್–ನಾಥ್ ಸಿದ್ಧಾಂತವೆಂದೇ ಪ್ರಸಿದ್ಧ. ಅದು ಧ್ವನಿ ಇರುವವರೆಗೆ ಮಾತ್ರ ಇರುವ ಬರೆ. ಗಾಜಿನ ಎಳೆಯದು ಅಚ್ಚೊತ್ತಿ ನಿಂತ ಬರೆ. ನೆಂಟಸ್ತಿಕೆ ಅಲ್ಲಿಯೂ ಇದೆ.

ನನ್ನನ್ನು ಹೆಚ್ಚು ಕಾಡಿದವರು ಮಾತ್ರ ರಾಮನ್ ಅಲ್ಲ, ಅವರ ತಂಗಿಯ ಮಗ ಎಸ್. ಪಂಚರತ್ನಂ. 1934ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಈ ಹುಡುಗ, 1948ರಲ್ಲಿ ರಾಮನ್ ಬೆಂಗಳೂರಿನಲ್ಲಿ ತೆರೆದ ಸಂಶೋಧನಾ ಸಂಸ್ಥೆಯಲ್ಲಿ ಮಾವನ ಕೈಕೆಳಗೆ ಕೆಲಸಕ್ಕೆ ನಿಂತ. ಮೇಖ್ರಿ ವೃತ್ತದ ಹತ್ತಿರ ಮರಗಳ ನಡುವೆ ಇರುವ ಆ ಸಂಸ್ಥೆಯಲ್ಲಿ ಆಗ ಬೆರಳೆಣಿಕೆಯ ವಿದ್ಯಾರ್ಥಿಗಳು. ಬಣ್ಣದ ಹರಳುಗಳ ಮೂಲಕ ಬೆಳಕು ಹಾಯಿಸಿ, ಆಗ ಕಾಣುವ ವ್ಯತಿಕರಣದ ಪಟ್ಟೆಗಳನ್ನು ಪಂಚರತ್ನಂ ನೋಡುತ್ತಿದ್ದರು. ಹಾಗೆ ನೋಡುತ್ತಾ ಅವರಿಗೆ ಒಂದು ಪ್ರಶ್ನೆ ಎದ್ದಿತು. ಕೇಳಿದರೆ ನಮ್ಮ ಮಕ್ಕಳು ಕೇಳುವಷ್ಟೇ ಸರಳವಾದ ಪ್ರಶ್ನೆ: ಎರಡು ಬೆಳಕು ಹೆಜ್ಜೆ ಕೂಡಿ ನಡೆಯುತ್ತಿವೆ ಎಂದು ಹೇಳುವುದು ಯಾವಾಗ?

ಎರಡೂ ಒಂದೇ ಬಗೆಯಾಗಿ ಅಲುಗುತ್ತಿದ್ದರೆ ಉತ್ತರ ಸುಲಭ. ಏರಿಗೆ ಏರು ಕೂಡಿದಾಗ. ಆದರೆ ಬೆಳಕು ಹಲವು ಬಗೆಯಾಗಿ ಅಲುಗಬಲ್ಲದು. ಬಾವಿಯ ಹಗ್ಗವನ್ನು ಒಂದು ಕಡೆ ಕಟ್ಟಿ ಮೇಲೆ ಕೆಳಗೆ ಅಲುಗಿಸಬಹುದು, ಅಕ್ಕಪಕ್ಕಕ್ಕೆ ಅಲುಗಿಸಬಹುದು, ಸುತ್ತು ತಿರುಗಿಸಲೂಬಹುದು. ಒಂದು ಮೇಲೆ ಕೆಳಗೆ, ಇನ್ನೊಂದು ಓರೆಯಾಗಿ ಅಲುಗುವಾಗ ಅವು ಹೆಜ್ಜೆ ಕೂಡಿವೆಯೇ ಎಂದು ನೋಡುವುದು ಹೇಗೆ? ಪಂಚರತ್ನಂ ಹೇಳಿದರು: ಎರಡನ್ನೂ ಸೇರಿಸಿ ನೋಡಿ, ಯಾವಾಗ ಅತಿ ಹೆಚ್ಚು ಬೆಳಕು ಬರುತ್ತದೋ ಆಗ ಕೂಡಿವೆ ಎಂದು ತಿಳಿಯಿರಿ. ಅಷ್ಟಕ್ಕೆ ಬಿಟ್ಟಿದ್ದರೆ ಅದು ಬರೀ ವ್ಯಾಖ್ಯೆಯಾಗುತ್ತಿತ್ತು. ಅವರು ಮುಂದೆ ಹೋಗಿ ಒಂದು ವಿಚಿತ್ರವನ್ನು ಕಂಡರು. ಮೊದಲನೆಯ ಬೆಳಕು ಎರಡನೆಯದರೊಡನೆ ಹೆಜ್ಜೆ ಕೂಡಿದೆ, ಎರಡನೆಯದು ಮೂರನೆಯದರೊಡನೆ ಕೂಡಿದೆ ಎಂದುಕೊಳ್ಳಿ. ಆಗಲೂ ಮೂರನೆಯದು ಮೊದಲನೆಯದರೊಡನೆ ಕೂಡಬೇಕೆಂದಿಲ್ಲ!

ನಮ್ಮ ಹೆಣ್ಣುಮಕ್ಕಳಿಗೆ ಇದು ಆಶ್ಚರ್ಯವಲ್ಲ. ನನಗೂ ನನ್ನ ಅತ್ತಿಗೆಗೂ ಚೆನ್ನಾಗಿದೆ, ಅತ್ತಿಗೆಗೂ ಅವರ ತಂಗಿಗೂ ಚೆನ್ನಾಗಿದೆ. ಆ ತಂಗಿಗೂ ನನಗೂ ಮಾತ್ರ ಎಂದೂ ಸರಿಬರಲಿಲ್ಲ. ಆದರೆ ಬೆಳಕೂ ಹೀಗೇ ನಡೆಯುತ್ತದೆ ಎಂದು ತೋರಿಸಿ, ಆ ಮನಸ್ತಾಪ ಎಷ್ಟೆಂದು ಅಳೆದುಕೊಟ್ಟವರು ಪಂಚರತ್ನಂ. ಬೆಳಕು ಅಲುಗುವ ಎಲ್ಲ ಬಗೆಗಳನ್ನೂ ಭೂಪಟದ ಊರುಗಳಂತೆ ಒಂದು ಗೋಲದ ಮೇಲೆ ಗುರುತಿಸಬಹುದೆಂದು ಫ್ರಾನ್ಸಿನ ಪ್ವಾಂಕರೆ ಹಿಂದೆಯೇ ತೋರಿಸಿದ್ದ. ಆ ಗೋಲದ ಮೇಲೆ ಮೂರು ಬೆಳಕುಗಳ ಮೂರು ಬಿಂದುಗಳನ್ನು ಸೇರಿಸಿ ತ್ರಿಕೋನ ಎಳೆದರೆ, ಅದು ಎಷ್ಟು ಜಾಗ ಹಿಡಿಯುತ್ತದೋ ಅದರ ಅರ್ಧದಷ್ಟೇ ಹೆಜ್ಜೆಯ ವ್ಯತ್ಯಾಸ. ಈ ಲೇಖನ 1956ರಲ್ಲಿ ಅಕಾಡೆಮಿಯ ಪತ್ರಿಕೆಯಲ್ಲಿ ಬಂತು. ಬರೆದವರಿಗೆ ಇಪ್ಪತ್ತೆರಡು ವರ್ಷ.

ಮೂರು ವರ್ಷದ ಮೇಲೆ ಮಾವನೂ ಅಳಿಯನೂ ಸೇರಿ ಬಿಸಿಲ್ಗುದುರೆಯ ಮೇಲೆ ಒಂದು ಲೇಖನ ಬರೆದರು. ಬೇಸಿಗೆಯಲ್ಲಿ ನಮ್ಮ ಹೊನ್ನಾಳಿ ರಸ್ತೆಯ ಮೇಲೆ ನೀರಿದ್ದಂತೆ ಕಾಣುವುದಲ್ಲ, ಅದೇ. 1961ರಿಂದ ಪಂಚರತ್ನಂ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು. ಅವರ ಅಣ್ಣ ಎಸ್. ಚಂದ್ರಶೇಖರ್ ಅಲ್ಲಿಯೇ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರು. ದ್ರವಸ್ಫಟಿಕಗಳ ಸಂಶೋಧನೆಯಲ್ಲಿ ಜಗತ್ತಿಗೇ ಹೆಸರಾದವರು. 1964ರಲ್ಲಿ ತಮ್ಮ ಆಕ್ಸ್‌ಫರ್ಡಿಗೆ ಹೋದರು. 1969ರಲ್ಲಿ ಅಲ್ಲಿಯೇ ತೀರಿಕೊಂಡರು. ಮೂವತ್ತೈದು ವರ್ಷ. ಅಳಿಯ ಹೋದ ಮರುವರ್ಷ ಮಾವನೂ ಹೋದರು.

ಪಂಚರತ್ನಂ ಬರೆದ 1956ರ ಲೇಖನ ಗ್ರಂಥಾಲಯದ ಕಪಾಟಿನಲ್ಲಿ ದೂಳು ಹಿಡಿದು ಕೂತಿತು. 1984ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಮೈಕೇಲ್ ಬೆರ್ರಿ ಎಂಬ ವಿಜ್ಞಾನಿ ಕ್ವಾಂಟಮ್ ಲೋಕದಲ್ಲಿ ಇಂಥದೇ ಒಂದು ವ್ಯತ್ಯಾಸವನ್ನು ಕಂಡುಹಿಡಿದರು. ಸುತ್ತು ಹಾಕಿ ಹೊರಟಲ್ಲಿಗೇ ಬಂದರೂ ಏನೋ ಒಂದಿಷ್ಟು ಬದಲಾಗಿರುತ್ತದೆ ಎಂಬ ಅವರ ಮಾತು ದೊಡ್ಡ ಸುದ್ದಿಯಾಯಿತು. ಅದನ್ನು ಪರೀಕ್ಷಿಸಲು 1986ರಲ್ಲಿ ಟೊಮಿಟಾ ಮತ್ತು ಚಿಯಾವ್ ಎಂಬುವರು ಬಳಸಿದ್ದು ಸುರುಳಿ ಸುತ್ತಿದ ಗಾಜಿನ ಎಳೆಯನ್ನೇ. ಅದೇ ವರ್ಷ ಬೆಂಗಳೂರಿನಿಂದ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು: ಬೆಳಕಿನ ಮಟ್ಟಿಗೆ ಇದನ್ನು ನಮ್ಮ ಪಂಚರತ್ನಂ ಮೂವತ್ತು ವರ್ಷಗಳ ಹಿಂದೆಯೇ ಕಂಡಿದ್ದರು. ಬೆರ್ರಿ ದೊಡ್ಡ ಮನುಷ್ಯ. ಹಳೆಯ ಲೇಖನವನ್ನು ತರಿಸಿ ಓದಿ, ಮರುವರ್ಷ ತಾವೇ ಅದರ ಮೇಲೆ ಬರೆದು ಪಂಚರತ್ನಂಗೆ ಸಲ್ಲಬೇಕಾದದ್ದನ್ನು ಸಲ್ಲಿಸಿದರು. 1988ರಲ್ಲಿ ರಾಮನ್ ಸಂಸ್ಥೆಯಲ್ಲೇ ರಾಜೇಂದ್ರ ಭಂಡಾರಿ ಮತ್ತು ಜೋಸೆಫ್ ಸ್ಯಾಮ್ಯುಯೆಲ್ ಲೇಸರ್ ಬೆಳಕಿನ ವ್ಯತಿಕರಣದಿಂದ ಅದನ್ನು ಪ್ರಯೋಗದಲ್ಲಿ ತೋರಿಸಿದರು. ಈಗ ಕಾಗದಕ್ಕಿಂತ ತೆಳುವಾದ ಹೊಸ ಬಗೆಯ ಮಸೂರಗಳನ್ನು ಮಾಡುವವರು ಪಂಚರತ್ನಂ–ಬೆರ್ರಿ ಎಂದು ಎರಡು ಹೆಸರನ್ನೂ ಜೋಡಿಸಿಯೇ ಹೇಳುತ್ತಾರೆ.

ಇದನ್ನೆಲ್ಲ ಓದಿದ ಮೇಲೆ ಒಮ್ಮೆ ಬೆಂಗಳೂರಿಗೆ ಹೋದಾಗ ರಾಮನ್ ಸಂಸ್ಥೆಯ ಮುಂದಿನ ರಸ್ತೆಯಲ್ಲಿ ನಡೆದುಹೋದೆ. ಒಳಗೆ ಹೋಗಲು ನನಗೇನು ಕೆಲಸ? ಗೋಡೆಯಾಚೆಯ ಮರಗಳನ್ನು ನೋಡಿದೆ. ಇತಿಹಾಸದವಳಾದ್ದರಿಂದ ನನಗೆ ಹೊಳೆದದ್ದು ಇಷ್ಟು. ಪಂಚರತ್ನಂ ಅವರ ಪ್ರಶ್ನೆಯನ್ನು ಮೂವತ್ತು ವರ್ಷ ಯಾರೂ ಕೇಳಿಸಿಕೊಳ್ಳಲಿಲ್ಲ. ಆದರೂ ಅದು ಸಾಯಲಿಲ್ಲ, ಏಕೆಂದರೆ ಅದು ಬರಹದಲ್ಲಿತ್ತು. ಶಾಸನ ಮಣ್ಣಲ್ಲಿ ಹೂತುಹೋಗಿದ್ದರೂ ಒಂದು ದಿನ ನೇಗಿಲಿಗೆ ಸಿಕ್ಕೀತು. ತರಗತಿಯಲ್ಲಿ ಕೈಯೆತ್ತಿ ಕೇಳಿದ ಪ್ರಶ್ನೆಗೆ ಅಂಥ ಕಲ್ಲೂ ಇಲ್ಲ, ಕಪಾಟೂ ಇಲ್ಲ. ಅದಕ್ಕಿರುವುದು ಎದುರಿಗೆ ನಿಂತ ಮೇಡಂ ಒಬ್ಬಳೇ.

ಹೋದ ವರ್ಷ ವಿಳಾಸ ವಿಚಾರಿಸಿಕೊಂಡು ಆ ಹುಡುಗಿಯ ಮನೆಗೆ ಹೋದೆ. ಹುಡುಗಿ ಏನು, ಈಗ ನಲವತ್ತು ದಾಟಿದ ಗೃಹಿಣಿ. ನ್ಯಾಮತಿ ಕಡೆಯ ಹಳ್ಳಿ. ಅಂಗಳದಲ್ಲಿ ಅಡಿಕೆ ಹರವಿತ್ತು. ‘ಅಯ್ಯೋ ಮೇಡಂ, ನೀವಾ!’ ಎಂದು ಕಾಲಿಗೆ ನೀರು ಕೊಟ್ಟಳು. ಯಾರದೋ ಮದುವೆಗೆ ಕರೆಯಲು ಬಂದಿದ್ದೇನೆ ಎಂದುಕೊಂಡಳೋ ಏನೋ, ಕುಂಕುಮ ತರಲು ಒಳಗೆ ಹೋದಳು. ಅವಳನ್ನು ಕೂರಿಸಿಕೊಂಡು ಹೇಳಿದೆ: ‘ನೀನು ಒಂಬತ್ತನೇ ಕ್ಲಾಸಿನಲ್ಲಿ ಡೀಸೆಲ್ ಬಣ್ಣದ ಬಗ್ಗೆ ಕೇಳಿದ್ದೆ. ನಾನು ತಪ್ಪು ಹೇಳಿಕೊಟ್ಟೆ ಕಣವ್ವ. ನೀನು ಹೇಳಿದ್ದೇ ಸರಿ.’ ಮೇಲಿನ ಬೆಳಕು, ಕೆಳಗಿನ ಬೆಳಕು, ಹೆಚ್ಚಿನ ದಾರಿ ಎಲ್ಲವನ್ನೂ ಹೇಳಿದೆ. ಅವಳು ಕೈಯಲ್ಲಿ ಕುಂಕುಮದ ಭರಣಿ ಹಿಡಿದುಕೊಂಡೇ ಕೇಳಿದಳು.

‘ನಂಗೆ ನೆನಪೇ ಇಲ್ಲ ಮೇಡಂ’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ನಾನು ಅಂಥವೆಲ್ಲ ಕೇಳ್ತಿದ್ನಾ?’ ಎಂದಳು.

‘ಕೇಳ್ತಿದ್ದೆ’ ಎಂದೆ.

ಅವಳು ನಕ್ಕಳು. ನನಗೆ ನಗಲು ಆಗಲಿಲ್ಲ. ಕ್ಷಮೆ ಕೇಳಲು ಹೋದವಳಿಗೆ, ಕ್ಷಮಿಸಬೇಕಾದವರಿಗೆ ತಪ್ಪೇ ನೆನಪಿಲ್ಲ ಎಂದರೆ ಸಾಲ ತೀರಿದ ಹಾಗಾಗುವುದಿಲ್ಲ. ಕಾಫಿ ಕುಡಿದು, ಅವಳು ಕೊಟ್ಟ ತೆಂಗಿನಕಾಯಿ ಹಿಡಿದುಕೊಂಡು ಸಂಜೆಯ ಬಸ್ಸಿಗೆ ಬಂದೆ.

ಅಂದಿನಿಂದ ನನ್ನ ಮೇಜಿನ ಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಮಕ್ಕಳು ಕೇಳಿದ, ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಅದರಲ್ಲಿ ಬರೆಯುತ್ತೇನೆ. ಕೇಳಿದವರ ಹೆಸರು, ತರಗತಿ, ತಾರೀಖು. ‘ಇದು ನನಗೆ ಗೊತ್ತಿಲ್ಲ, ಬರೆದುಕೊಳ್ಳುತ್ತೇನೆ’ ಎಂದು ಮಕ್ಕಳ ಮುಂದೆ ಹೇಳಲು ಮೊದಮೊದಲು ನಾಲಿಗೆ ತೊದಲಿತು, ಈಗ ರೂಢಿಯಾಗಿದೆ. ಕೆಲವಕ್ಕೆ ಅಕ್ಕನ ಮಗ ಉತ್ತರ ಕೊಟ್ಟಿದ್ದಾನೆ, ಕೆಲವಕ್ಕೆ ಅವನಿಗೂ ಗೊತ್ತಿಲ್ಲ. ಮೊದಲ ಪುಟದಲ್ಲಿರುವುದು 1998ರ ಪ್ರಶ್ನೆ. ತಡವಾಗಿ ಬರೆದದ್ದು, ಆದರೆ ತಾರೀಖು ಅಂದಿನದನ್ನೇ ಹಾಕಬೇಕೆನ್ನಿಸಿತು. ದಿನ ನೆನಪಿರಲಿಲ್ಲ, ‘ಮಳೆಗಾಲ’ ಎಂದಷ್ಟೇ ಬರೆದಿದ್ದೇನೆ.